ಚೇಳಿನ ಟಾಕ್ಸಿನ್ ಟಿ ಕೋಶದ ಪೊಟ್ಯಾಸಿಯಂ ಚಾನೆಲ್ ಅನ್ನು ಎಷ್ಟು ಮುಚ್ಚುತ್ತದೆ: ಸರಿಯಾಗಿ ಅಳೆಯಲು ಸಮಗ್ರ ಮಾರ್ಗದರ್ಶಿ

ಪೊಟ್ಯಾಸಿಯಂ ಚಾನೆಲ್ (ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾಯುವ ಬಾಗಿಲು) ಮುಚ್ಚುವ ಮಾರ್ಗಟಾಕ್ಸಿನ್ ಅನ್ನುವ ಚೇಳಿನ ಟಾಕ್ಸಿನ್ ಬಗ್ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮಾರ್ಗಟಾಕ್ಸಿನ್ ಪಿಕೊಮೋಲಾರ್ ಮಟ್ಟದಲ್ಲೇ ಕೆಲಸ ಮಾಡಬೇಕಿತ್ತು, ನಾವು ನ್ಯಾನೊಮೋಲಾರ್ ಹಾಕಿದರೂ ಅರ್ಧ ಕರೆಂಟ್ ಹಾಗೇ ಉಳಿದಿದೆ, ಟಾಕ್ಸಿನ್ ಕೆಟ್ಟುಹೋಗಿದೆಯಾ?" ಹೆಚ್ಚಿನ ಸಲ ಕೆಟ್ಟಿರುವುದಿಲ್ಲ. ಅದು ಕೋಶದ ತನಕ ಬಂದೇ ಇರುವುದಿಲ್ಲ, ಟ್ಯೂಬಿನ ಗೋಡೆಗೆ ಅಂಟಿಕೊಂಡು ಕೂತಿರುತ್ತದೆ. ಇಲ್ಲವೇ ಬಂದಿರುತ್ತದೆ, ಆದರೆ ಚಾನೆಲ್ ಮೇಲೆ ಕೂರಲು ಅದಕ್ಕೆ ಬೇಕಾದಷ್ಟು ಹೊತ್ತು ನೀವು ಕಾದಿರುವುದಿಲ್ಲ.

ಈ ಬರಹ ಪ್ಯಾಚ್ ಕ್ಲ್ಯಾಂಪ್, ಅಂದರೆ ಸಣ್ಣ ಗಾಜಿನ ಪಿಪೆಟ್ ಕೋಶಕ್ಕೆ ಅಂಟಿಸಿ ಚಾನೆಲ್ ಕರೆಂಟ್ ಅಳೆಯುವುದು, ಗೊತ್ತಿರುವವರಿಗೆ. ಸೀಲ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳುವುದಿಲ್ಲ. ಯಾವುದರ ನಂತರ ಯಾವುದು ಮಾಡಬೇಕು, ಎಲ್ಲಿ ಅಳತೆ ಹಾಳಾಗುತ್ತದೆ, ಹಾಳಾಗುತ್ತಿದೆ ಅಂತ ಹೇಗೆ ತಿಳಿಯುತ್ತದೆ, ಇಷ್ಟೇ ವಿಷಯ.

## ಮೊದಲು ತಲೆಯಲ್ಲಿ ಇರಬೇಕಾದದ್ದು

ಟಿ ಕೋಶಕ್ಕೆ, ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಕ್ಕೆ, ಪ್ರಚೋದನೆ ಸಿಕ್ಕಾಗ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಜೊತೆಗೆ ಧನ ಚಾರ್ಜ್ ಕೂಡ ಒಳಗೆ ಸೇರುತ್ತದೆ ಅಲ್ವಾ? ಅದನ್ನು ಸರಿತೂಗಿಸಲು ಪೊಟ್ಯಾಸಿಯಂ ಹೊರಗೆ ಹೋಗಬೇಕು. ಆ ಬಾಗಿಲುಗಳು ಮುಖ್ಯವಾಗಿ ಎರಡು: ವೋಲ್ಟೇಜ್‌ಗೆ ತೆರೆಯುವ ಕೆವಿ1.3, ಒಳಗಿನ ಕ್ಯಾಲ್ಸಿಯಂಗೆ ತೆರೆಯುವ ಕೆಸಿಎ3.1. ಬಾಗಿಲು ಮುಚ್ಚಿದರೆ ಪೊರೆಯ ವೋಲ್ಟೇಜ್ ಋಣದ ಕಡೆ ನಿಲ್ಲುವುದಿಲ್ಲ, ಕ್ಯಾಲ್ಸಿಯಂ ಬರುವುದು ತಗ್ಗುತ್ತದೆ, ಸಂಕೇತ ಬಲ ಕಳೆದುಕೊಳ್ಳುತ್ತದೆ.

ಚೇಳಿನ ಟಾಕ್ಸಿನ್ ಅಂದರೆ ಇಲ್ಲಿ 30ರಿಂದ 40 ಅಮೈನೊ ಆಮ್ಲದ ಸಣ್ಣ ಪೆಪ್ಟೈಡ್. ಮೂರೋ ನಾಲ್ಕೋ ಡೈಸಲ್ಫೈಡ್ ಕೊಂಡಿಗಳು ಅದನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಅದರ ಒಂದು ಲೈಸಿನ್ ತೋಳು ಹೊರಗಿನಿಂದ ಚಾನೆಲ್ ರಂಧ್ರದೊಳಗೆ ಇಳಿದು ಬಿರಡೆಯಂತೆ ಮುಚ್ಚುತ್ತದೆ. ಇನ್ನೊಂದು ಚೇಳಿನ ಟಾಕ್ಸಿನ್ ಆದ ಕ್ಯಾರಿಬ್ಡೊಟಾಕ್ಸಿನ್‌ನಲ್ಲಿ ಅದು 27ನೇ ಜಾಗದ ಲೈಸಿನ್, ಮಾರ್ಗಟಾಕ್ಸಿನ್‌ನಲ್ಲಿ 28ನೆಯದು. ಒಂದು ಚಾನೆಲ್‌ಗೆ ಒಂದು ಟಾಕ್ಸಿನ್. ಮುಂದೆ ಬರುವ ಲೆಕ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

## ಬೇಕಾದ ಸಾಮಾನು

- ಹೋಲ್-ಸೆಲ್ (ಪಿಪೆಟ್ ತುದಿಯ ಪೊರೆ ಒಡೆದು ಇಡೀ ಕೋಶದ ಕರೆಂಟ್ ಅಳೆಯುವ) ರೆಕಾರ್ಡಿಂಗ್ ಮಾಡುವ ಪ್ಯಾಚ್ ಸೆಟಪ್, ಮತ್ತು ಕೋಶದ ಹತ್ತಿರಕ್ಕೇ ದ್ರವ ಹರಿಸುವ ಪರ್ಫ್ಯೂಷನ್ ವ್ಯವಸ್ಥೆ
- 2ರಿಂದ 3 ಮೆಗಾಓಮ್ ಪಿಪೆಟ್‌ಗಳು
- ಶುದ್ಧ, ಸಿಂಥೆಟಿಕ್ ಅಥವಾ ರಿಕಾಂಬಿನಂಟ್ ಟಾಕ್ಸಿನ್
- ಪ್ರೋಟೀನ್ ಅಂಟದ ಲೋ-ಬೈಂಡ್ ಟ್ಯೂಬುಗಳು
- ಬೋವೈನ್ ಸೀರಮ್ ಆಲ್ಬುಮಿನ್, ಅಂದರೆ ಬಿಎಸ್‌ಎ
- ಟಿಇಎ, ಅಂದರೆ ಟೆಟ್ರಾಈಥೈಲ್ ಅಮೋನಿಯಂ ಕ್ಲೋರೈಡ್

ಹಸಿ ವಿಷ ಬಳಸಬೇಡಿ. ಅದರಲ್ಲಿ ಸೋಡಿಯಂ ಚಾನೆಲ್ ಮೇಲೆ ಕೆಲಸ ಮಾಡುವ ಟಾಕ್ಸಿನ್‌ಗಳೂ ಸೇರಿ ಹತ್ತಾರು ಪೆಪ್ಟೈಡ್‌ಗಳಿರುತ್ತವೆ. ಬಂದ ಫಲಿತಾಂಶ ಯಾವುದರದ್ದು ಅಂತ ಹೇಳಲು ಆಗುವುದಿಲ್ಲ, ಅಪಾಯವೂ ಜಾಸ್ತಿ. ಶುದ್ಧ ಟಾಕ್ಸಿನ್ ಕೂಡ ಒಣ ಪುಡಿಯಾಗಿದ್ದಾಗ ಹಾರುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಹುಡ್ ಒಳಗೇ ಸೀಸೆ ತೆರೆಯಿರಿ. ಸೂಜಿ ಬಳಸಬೇಡಿ. ಮನುಷ್ಯರ ರಕ್ತದಿಂದ ಟಿ ಕೋಶ ತೆಗೆಯುವುದಾದರೆ ಒಪ್ಪಿಗೆ ಪತ್ರ, ನೈತಿಕ ಸಮಿತಿಯ ಅನುಮತಿ, ಜೈವಿಕ ಸುರಕ್ಷತೆಯ ನಿಯಮ ಎಲ್ಲ ಮೊದಲೇ ಆಗಿರಬೇಕು.

## ಹಂತ 1: ಯಾವ ಕೋಶ ಅಂತ ತೀರ್ಮಾನಿಸಿ

ವಿಶ್ರಾಂತಿಯಲ್ಲಿರುವ ಟಿ ಕೋಶ ತುಂಬ ಚಿಕ್ಕದು, ಕೆಲವೇ ಮೈಕ್ರೋಮೀಟರ್. ಅದರ ಮೇಲೆ ಕೆವಿ1.3 ಚಾನೆಲ್‌ಗಳು ಕೆಲವು ನೂರು ಮಾತ್ರ. ಕರೆಂಟ್ ಬರುತ್ತದೆ, ಆದರೆ ಸಣ್ಣದು, ಲೀಕ್, ಅಂದರೆ ಚಾನೆಲ್ ಬಿಟ್ಟು ಬೇರೆ ಕಡೆಯಿಂದ ಸೋರುವ ಕರೆಂಟ್, ಸ್ವಲ್ಪ ಏರಿದರೂ ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ 3-4 ದಿನ ಪಿಎಚ್‌ಎ (ಟಿ ಕೋಶವನ್ನು ಕೆರಳಿಸುವ ಸಸ್ಯದ ಪ್ರೋಟೀನ್) ಹಾಕಿ ಪ್ರಚೋದಿಸಿದ ಕೋಶ ಬಳಸಿ. ದೊಡ್ಡದಾಗಿರುತ್ತದೆ, ಕರೆಂಟ್ ಚೆನ್ನಾಗಿರುತ್ತದೆ.

ಟಾಕ್ಸಿನ್‌ನ ಬಲ ಎಷ್ಟು ಅಂತಷ್ಟೇ ಬೇಕಿದ್ದರೆ ಕೆವಿ1.3 ಜೀನ್ ಹಾಕಿದ ಸಿಎಚ್‌ಒ ಅಥವಾ ಎಚ್‌ಇಕೆಯಂಥ ಲ್ಯಾಬ್‌ನಲ್ಲಿ ಬೆಳೆಸುವ ಕೋಶದಲ್ಲಿ ಮೊದಲು ಅಳೆದು, ಆಮೇಲೆ ಟಿ ಕೋಶಕ್ಕೆ ಬನ್ನಿ. ಆದರೆ ಕರೆಂಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 5 ನ್ಯಾನೊಆಂಪ್ ಕರೆಂಟ್, 5 ಮೆಗಾಓಮ್ ಸರಣಿ ರೋಧ (ಪಿಪೆಟ್ ಮತ್ತು ಕೋಶದ ನಡುವಿನ ಅಡ್ಡಿ) ಅಂದರೆ ನೇರವಾಗಿ 25 ಮಿಲಿವೋಲ್ಟ್ ತಪ್ಪು. ಟಾಕ್ಸಿನ್ ಅರ್ಧ ಚಾನೆಲ್ ಮುಚ್ಚಿದಾಗ ಆ ತಪ್ಪೂ ಅರ್ಧ ಆಗುತ್ತದೆ, ಉಳಿದ ಚಾನೆಲ್‌ಗಳಿಗೆ ಹೆಚ್ಚು ವೋಲ್ಟೇಜ್ ಸಿಗುತ್ತದೆ, ಕರೆಂಟ್ ಅರ್ಧಕ್ಕಿಂತ ಮೇಲೇ ನಿಲ್ಲುತ್ತದೆ. ಟಾಕ್ಸಿನ್ ಇರುವುದಕ್ಕಿಂತ ದುರ್ಬಲ ಅಂತ ಕಾಣುತ್ತದೆ.

ಟಿ ಕೋಶ ತಳಕ್ಕೆ ತಾನಾಗಿ ಅಂಟುವುದಿಲ್ಲ. ಪಾಲಿಲೈಸಿನ್ ಬಳಿದ ತಟ್ಟೆ ಸಾಕು. ಟಿ ಕೋಶದ ಸಿಡಿ3 ಪ್ರೋಟೀನ್‌ಗೆ ಅಂಟುವ ಆ್ಯಂಟಿಬಾಡಿ ಬಳಿದು ಕೂರಿಸಿದರೆ ಅದೇ ಕೋಶವನ್ನು ಪ್ರಚೋದಿಸುತ್ತದೆ, ನೆನಪಿರಲಿ.

## ಹಂತ 2: ದ್ರವಗಳನ್ನು ಮಾಡಿ

ಹೊರಗಿನ ದ್ರವ, ಮಿಲಿಮೋಲಾರ್ ಲೆಕ್ಕದಲ್ಲಿ: ಸೋಡಿಯಂ ಕ್ಲೋರೈಡ್ 145, ಪೊಟ್ಯಾಸಿಯಂ ಕ್ಲೋರೈಡ್ 5, ಮೆಗ್ನೀಸಿಯಂ ಕ್ಲೋರೈಡ್ 1, ಕ್ಯಾಲ್ಸಿಯಂ ಕ್ಲೋರೈಡ್ 2.5, ಗ್ಲೂಕೋಸ್ 5.5, ಹೆಪಿಸ್ 10. ಪಿಎಚ್ 7.35.

ಪಿಪೆಟ್ ದ್ರವ: ಪೊಟ್ಯಾಸಿಯಂ ಫ್ಲೋರೈಡ್ 140, ಮೆಗ್ನೀಸಿಯಂ ಕ್ಲೋರೈಡ್ 2, ಕ್ಯಾಲ್ಸಿಯಂ ಕ್ಲೋರೈಡ್ 1, ಇಜಿಟಿಎ (ಕ್ಯಾಲ್ಸಿಯಂ ಹಿಡಿಯುವ ರಾಸಾಯನಿಕ) 11, ಹೆಪಿಸ್ 10. ಪಿಎಚ್ 7.22.

ಫ್ಲೋರೈಡ್ ಯಾಕೆ? ಸೀಲ್ ಚೆನ್ನಾಗಿ ನಿಲ್ಲುತ್ತದೆ. ಜೊತೆಗೆ ಒಳಗಿನ ಬಿಡಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ ಆಗುತ್ತದೆ, ಹಾಗಾಗಿ ಕೆಸಿಎ3.1 ತೆರೆಯುವುದಿಲ್ಲ, ನಿಮಗೆ ಕಾಣುವುದು ಕೆವಿ1.3 ಒಂದೇ. ಫ್ಲೋರೈಡ್ ವಿಷ, ಬಾಯಿಂದ ಹೀರುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.

ಈಗ ಮುಖ್ಯವಾದ ಮಾತು. ಹೊರಗಿನ ದ್ರವಕ್ಕೆ ಪ್ರತಿ ಮಿಲಿಲೀಟರ್‌ಗೆ 0.1 ಮಿಲಿಗ್ರಾಂ ಬಿಎಸ್‌ಎ ಸೇರಿಸಿ. ಟಾಕ್ಸಿನ್ ಇರುವ ದ್ರವಕ್ಕೆ ಮಾತ್ರ ಅಲ್ಲ, ಕಂಟ್ರೋಲ್ ದ್ರವಕ್ಕೂ. ಈ ಪೆಪ್ಟೈಡ್‌ಗಳ ಮೇಲೆ ಧನ ಚಾರ್ಜ್ ತುಂಬ ಇರುತ್ತದೆ, ಪ್ಲಾಸ್ಟಿಕ್‌ಗೂ ಗಾಜಿಗೂ ಗಬಕ್ಕನೆ ಅಂಟುತ್ತವೆ. ಮೈಕ್ರೋಮೋಲಾರ್ ಇದ್ದಾಗ ಸ್ವಲ್ಪ ಅಂಟಿದರೆ ಗೊತ್ತೇ ಆಗುವುದಿಲ್ಲ. 100 ಪಿಕೊಮೋಲಾರ್ ಇದ್ದಾಗ ಹೆಚ್ಚಿನ ಪಾಲು ಗೋಡೆಗೇ ಹೋಗಿಬಿಡಬಹುದು. ಬಿಎಸ್‌ಎ ಮೊದಲೇ ಆ ಜಾಗಗಳನ್ನು ಹಿಡಿದುಕೊಳ್ಳುತ್ತದೆ. ಬಾಟಲಿ ಜೋರಾಗಿ ಅಲ್ಲಾಡಿಸಬೇಡಿ, ನೊರೆ ಬರುತ್ತದೆ, ಆ ಗುಳ್ಳೆ ಪರ್ಫ್ಯೂಷನ್ ಕೊಳವೆಯಲ್ಲಿ ಸಿಕ್ಕಿ ಒಳ್ಳೆಯ ಕೋಶವನ್ನು ಕಿತ್ತುಹಾಕುತ್ತದೆ.

## ಹಂತ 3: ಟಾಕ್ಸಿನ್ ಸ್ಟಾಕ್ ಮಾಡಿ

ಸೀಸೆ ತೆರೆಯುವ ಮೊದಲು ಒಂದು ಸಲ ಸೆಂಟ್ರಿಫ್ಯೂಜ್‌ನಲ್ಲಿ ಕೆಳಗಿಳಿಸಿ. ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ, ಹಾಗೇ ತೆರೆದರೆ ಕಣ್ಣಿಗೆ ಕಾಣದಂತೆ ಕಳೆದುಹೋಗುತ್ತದೆ.

ಮಾರ್ಗಟಾಕ್ಸಿನ್ ತೂಕ ಸುಮಾರು 4,179 ಡಾಲ್ಟನ್. 0.1 ಮಿಲಿಗ್ರಾಂ ಪೆಪ್ಟೈಡ್‌ಗೆ 239 ಮೈಕ್ರೋಲೀಟರ್ ದ್ರವ ಹಾಕಿದರೆ 100 ಮೈಕ್ರೋಮೋಲಾರ್ ಸ್ಟಾಕ್. ಆದರೆ ಸೀಸೆ ಮೇಲೆ ಬರೆದ ತೂಕ ಬರೀ ಪೆಪ್ಟೈಡ್‌ನದ್ದೋ, ಉಪ್ಪು ನೀರು ಸೇರಿದ್ದೋ ಅಂತ ಜೊತೆಗೆ ಬಂದ ಕಾಗದದಲ್ಲಿ ನೋಡಿ. ಸೇರಿದ್ದಾದರೆ ನಿಮ್ಮ ಸ್ಟಾಕ್ ನೀವಂದುಕೊಂಡದ್ದಕ್ಕಿಂತ ತೆಳುವಾಗಿರುತ್ತದೆ.

280 ನ್ಯಾನೊಮೀಟರ್‌ನಲ್ಲಿ ಅಳೆದು ಖಚಿತ ಮಾಡಿಕೊಳ್ಳುವುದಾದರೆ ಬಿಎಸ್‌ಎ ಹಾಕುವ ಮೊದಲೇ ಅಳೆಯಿರಿ. ಕ್ಯಾರಿಬ್ಡೊಟಾಕ್ಸಿನ್‌ನಲ್ಲಿ ಒಂದು ಟ್ರಿಪ್ಟೊಫಾನ್ ಇದೆ, ಓದು ಚೆನ್ನಾಗಿ ಬರುತ್ತದೆ. ಮಾರ್ಗಟಾಕ್ಸಿನ್‌ನಲ್ಲಿ ಅದಿಲ್ಲ, ಒಂದೇ ಒಂದು ಟೈರೊಸಿನ್, ಹಾಗಾಗಿ ಓದು ಬಹಳ ಸಣ್ಣದು. ಸಣ್ಣ ಓದು ಕಂಡು ಪೆಪ್ಟೈಡ್ ಇಲ್ಲ ಅಂತ ಗಾಬರಿಯಾಗಬೇಡಿ.

ಸ್ಟಾಕ್ ಅನ್ನು ಒಂದು ದಿನಕ್ಕೆ ಒಂದರಂತೆ ಸಣ್ಣ ಸಣ್ಣ ಪಾಲು ಮಾಡಿ ಫ್ರೀಜ್ ಮಾಡಿ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ತೆಳು ಮಾಡಿದ ದ್ರವ ಆ ದಿನಕ್ಕೆ ಮಾತ್ರ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎರಡು. ಒಂದು, ತೆಳು ಮಾಡಿದ ಟಾಕ್ಸಿನ್ ಅನ್ನು ಫಿಲ್ಟರ್ ಮಾಡುವುದು. ಫಿಲ್ಟರ್ ಪೊರೆಯೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರವವನ್ನು ಮೊದಲೇ ಫಿಲ್ಟರ್ ಮಾಡಿ, ಬಿಎಸ್‌ಎ ಮತ್ತು ಟಾಕ್ಸಿನ್ ಆಮೇಲೆ ಹಾಕಿ. ಎರಡು, ಡಿಟಿಟಿಯಂಥ ರಾಸಾಯನಿಕ ಇರುವ ಬಫರ್ ಬಳಸುವುದು. ಅದು ಡೈಸಲ್ಫೈಡ್ ಕೊಂಡಿ ಬಿಚ್ಚುತ್ತದೆ. ಕೊಂಡಿ ಹೋದರೆ ಟಾಕ್ಸಿನ್‌ನ ಆಕಾರ ಹೋಯಿತು, ಕೆಲಸವೂ ಹೋಯಿತು.

## ಹಂತ 4: ಟಾಕ್ಸಿನ್ ಇಲ್ಲದೆ ಹರಿವನ್ನು ಪರೀಕ್ಷಿಸಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ತಟ್ಟೆಗೆ ಮೇಲಿನಿಂದ ಒಂದು ಹನಿ ಟಾಕ್ಸಿನ್ ಬಿಟ್ಟು ಬೆರೆತುಕೊಳ್ಳುತ್ತದೆ ಅಂತ ಕಾಯಬೇಡಿ. ಕೋಶದ ಹತ್ತಿರ ಎಷ್ಟು ಪ್ರಮಾಣ ಇದೆ ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ.

10 ಮಿಲಿಮೋಲಾರ್ ಟಿಇಎ ಹರಿಸಿ. ಕೆವಿ1.3 ಮೇಲೆ ಇದು ಸರಿಸುಮಾರು ಅರ್ಧ ಕರೆಂಟ್ ತಡೆಯುತ್ತದೆ, ಕೂಡಲೇ ತಡೆಯುತ್ತದೆ, ತೊಳೆದರೆ ಕೂಡಲೇ ಬಿಡುತ್ತದೆ. ಅಂದರೆ ಕರೆಂಟ್ ಬೀಳಲು ತಗಲುವ ಸಮಯ ಟಿಇಎಯದ್ದಲ್ಲ, ನಿಮ್ಮ ಕೊಳವೆಯದ್ದು. ಒಂದೆರಡು ಪಲ್ಸ್ ಒಳಗೆ ಅರ್ಧಕ್ಕೆ ಬಿದ್ದು ನಿಂತರೆ ವ್ಯವಸ್ಥೆ ಸರಿ ಇದೆ. ನಿಧಾನವಾಗಿ ಜಾರುತ್ತಾ ಹೋದರೆ ಕೊಳವೆಯ ತುದಿ ದೂರ ಇದೆ, ಇಲ್ಲವೇ ಹೀರುವ ಕಡೆ ಸರಿಯಾಗಿಲ್ಲ. ಕಾಲು ಭಾಗ ಮಾತ್ರ ಬಿದ್ದರೆ ಕೋಶಕ್ಕೆ ಹಳೆಯ ದ್ರವವೂ ತಾಗುತ್ತಿದೆ. ಸರಿ ಮಾಡದೆ ಮುಂದೆ ಹೋಗಬೇಡಿ.

## ಹಂತ 5: ಪಲ್ಸ್ ಹೊಂದಿಸಿ

ಹಿಡಿದಿಡುವ ವೋಲ್ಟೇಜ್ -100ರಿಂದ -120 ಮಿಲಿವೋಲ್ಟ್. ಅಲ್ಲಿಂದ +50ಕ್ಕೆ 15 ಮಿಲಿಸೆಕೆಂಡ್ ಪಲ್ಸ್. ಪ್ರತಿ 15 ಸೆಕೆಂಡಿಗೆ ಒಂದು.

ಈ 15 ಸೆಕೆಂಡ್ ಸುಮ್ನೆ ಇಟ್ಟಿದ್ದಲ್ಲ. ಕೆವಿ1.3 ತೆರೆದುಕೊಂಡೇ ಇದ್ದರೆ ತಾನಾಗಿ ನಿಷ್ಕ್ರಿಯ ಸ್ಥಿತಿಗೆ ಜಾರುತ್ತದೆ, ಅಲ್ಲಿಂದ ವಾಪಸ್ ಬರುವುದು ತುಂಬ ನಿಧಾನ. ಉದ್ದನೆಯ ಪಲ್ಸ್ ಕೊಟ್ಟು, ಅದನ್ನು ಸೆಕೆಂಡಿಗೊಂದು ಸಲ ಕೊಟ್ಟರೆ ಪ್ರತಿ ಪಲ್ಸ್‌ಗೂ ಕರೆಂಟ್ ಇಳಿಯುತ್ತಾ ಹೋಗುತ್ತದೆ, ಟಾಕ್ಸಿನ್ ಒಂದು ಹನಿಯೂ ಇಲ್ಲದೆ. ನಾನು ಶುರುವಿನಲ್ಲಿ ಇದೇ ಇಳಿತವನ್ನು ಟಾಕ್ಸಿನ್ ತಡೆ ಅಂದುಕೊಂಡು ಎರಡು ವಾರ ಡೇಟಾ ಕೂಡಿಹಾಕಿದ್ದೆ, ಒಂದು ದಿನ ಬರೀ ಕಂಟ್ರೋಲ್ ದ್ರವ ಹರಿಸಿದಾಗಲೂ ಅದೇ ಗೆರೆ ಅಷ್ಟೇ ಇಳಿದದ್ದು ನೋಡಿ ಎಲ್ಲವನ್ನೂ ಬಿಸಾಡಬೇಕಾಯಿತು.

ಗುರುತಿಸುವುದು ಸುಲಭ: ಒಂದು ನಿಮಿಷ ಪಲ್ಸ್ ನಿಲ್ಲಿಸಿ, ಮತ್ತೆ ಕೊಡಿ. ಮೊದಲ ಪಲ್ಸ್‌ನ ಕರೆಂಟ್ ಮೇಲೆ ಹಾರಿದರೆ ಅದು ನಿಷ್ಕ್ರಿಯತೆ, ಟಾಕ್ಸಿನ್ ಅಲ್ಲ.

## ಹಂತ 6: ಕಂಟ್ರೋಲ್ ಗೆರೆ ಚಪ್ಪಟೆಯಾಗುವ ತನಕ ನಿಲ್ಲಿ

ಹೋಲ್-ಸೆಲ್ ಆದ ಕೂಡಲೇ ಅಳೆಯಬೇಡಿ. ಪಿಪೆಟ್ ದ್ರವ ಒಳಗೆ ತುಂಬಿಕೊಳ್ಳಬೇಕು, ಮೊದಲೇ ನಿಷ್ಕ್ರಿಯವಾಗಿದ್ದ ಚಾನೆಲ್‌ಗಳು ಋಣ ವೋಲ್ಟೇಜ್‌ನಲ್ಲಿ ವಾಪಸ್ ಬರಬೇಕು. ಮೊದಲ ಕೆಲವು ನಿಮಿಷ ಕರೆಂಟ್ ಏರುತ್ತಿರುತ್ತದೆ. ಏರುತ್ತಿರುವಾಗ ಟಾಕ್ಸಿನ್ ಹಾಕಿದರೆ ತಡೆ ಕಡಿಮೆ ಅಂತ ಕಾಣುತ್ತದೆ. ಇಳಿಯುತ್ತಿರುವಾಗ ಹಾಕಿದರೆ ಜಾಸ್ತಿ ಅಂತ.

ಲೀಕ್ ಮೇಲೂ ಕಣ್ಣಿಡಿ. ಒಟ್ಟು 600 ಪಿಕೊಆಂಪ್‌ನಲ್ಲಿ 100 ಲೀಕ್ ಇದ್ದರೆ ಆ 100 ಅನ್ನು ಜಗತ್ತಿನ ಯಾವ ಟಾಕ್ಸಿನ್ ಕೂಡ ತಡೆಯುವುದಿಲ್ಲ. ಲೀಕ್ ಕಳೆಯದೆ ಲೆಕ್ಕ ಮಾಡಿದರೆ "ಪೂರ್ತಿ ತಡೆಯುವುದಿಲ್ಲ" ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹತ್ತನೇ ಒಂದು ಪಾಲಿಗಿಂತ ಲೀಕ್ ಮೇಲೆ ಹೋದರೆ ನಾನು ಆ ಕೋಶ ಬಿಟ್ಟುಬಿಡುತ್ತೇನೆ. ಸರಣಿ ರೋಧವನ್ನೂ ಆಗಾಗ ನೋಡುತ್ತಿರಿ. ಪ್ರಯೋಗದ ಮಧ್ಯೆ ಪಿಪೆಟ್ ಬಾಯಿ ಕಟ್ಟಿಕೊಂಡರೆ ಕರೆಂಟ್ ಕುಗ್ಗುತ್ತದೆ, ಥೇಟ್ ಟಾಕ್ಸಿನ್ ತಡೆಯ ಹಾಗೇ ಕಾಣುತ್ತದೆ.

## ಹಂತ 7: ಟಾಕ್ಸಿನ್ ಹರಿಸಿ, ನಿಜವಾಗಿಯೂ ಕಾಯಿರಿ

ಬಹಳ ಜನ ಸೋಲುವುದು ಇಲ್ಲಿ. ಒಂದು ಉದಾಹರಣೆ ಪೂರ್ತಿ ಲೆಕ್ಕ ಮಾಡಿ ತೋರಿಸುತ್ತೇನೆ.

ಒಂದು ಟಾಕ್ಸಿನ್‌ನ ಕೆಡಿ, ಅಂದರೆ ಅರ್ಧ ಚಾನೆಲ್ ಮುಚ್ಚಲು ಬೇಕಾದ ಪ್ರಮಾಣ, 100 ಪಿಕೊಮೋಲಾರ್ ಅಂತ ಇಟ್ಟುಕೊಳ್ಳಿ. ಅದು ಚಾನೆಲ್ ಬಿಟ್ಟುಹೋಗುವ ಟೌ 600 ಸೆಕೆಂಡ್. ಟೌ ಅಂದರೆ ಬದಲಾವಣೆಯ ಸುಮಾರು 63 ಶೇಕಡಾ ಮುಗಿಯಲು ಹಿಡಿಯುವ ಸಮಯ. ನೀವು ಹಾಕಿದ್ದು ಕೂಡ 100 ಪಿಕೊಮೋಲಾರ್. ಆಗ ತಡೆ ಏರುವ ಟೌ, ಬಿಟ್ಟುಹೋಗುವ ಟೌನ ಅರ್ಧ, ಅಂದರೆ 300 ಸೆಕೆಂಡ್. ಪೂರ್ತಿ ನೆಲೆಗೊಳ್ಳಲು ನಾಲ್ಕು ಟೌ ಕಾಯಬೇಕು, 20 ನಿಮಿಷ.

ನೀವು 3 ನಿಮಿಷಕ್ಕೇ "ಸಾಕು, ನಿಂತ ಹಾಗಿದೆ" ಅಂತ ನಿಲ್ಲಿಸಿದಿರಿ. ಆಗ ಆಗಿರುವ ತಡೆ 50 ಅಲ್ಲ, ಸುಮಾರು 23 ಶೇಕಡಾ. ಆ ಅಂಕಿ ಹಿಡಿದು ಲೆಕ್ಕ ಮಾಡಿದರೆ ಕೆಡಿ ಸುಮಾರು 340 ಪಿಕೊಮೋಲಾರ್ ಬರುತ್ತದೆ. ಮೂರು ಪಟ್ಟಿಗಿಂತ ಹೆಚ್ಚು ತಪ್ಪು! ಟಾಕ್ಸಿನ್ ಸರಿ ಇತ್ತು, ಕೋಶ ಸರಿ ಇತ್ತು, ಗಡಿಯಾರ ನೋಡಿದ್ದು ಮಾತ್ರ ತಪ್ಪು.

ಅದೇ ಟಾಕ್ಸಿನ್ 1 ನ್ಯಾನೊಮೋಲಾರ್ ಹಾಕಿದರೆ ಟೌ ಸುಮಾರು 55 ಸೆಕೆಂಡ್, ನಾಲ್ಕು ನಿಮಿಷದೊಳಗೆ ನೆಲೆಗೊಳ್ಳುತ್ತದೆ, ತಡೆ 91 ಶೇಕಡಾಗೆ ನಿಲ್ಲುತ್ತದೆ. ಹಾಗಾಗಿ ಮೊದಲು ದೊಡ್ಡ ಪ್ರಮಾಣ ಹಾಕಿ ನೋಡಿ. ಟಾಕ್ಸಿನ್ ಜೀವಂತ ಇದೆಯಾ ಅಂತ ಬೇಗ ಗೊತ್ತಾಗುತ್ತದೆ, ಸಣ್ಣ ಪ್ರಮಾಣಕ್ಕೆ ಎಷ್ಟು ಕಾಯಬೇಕು ಅಂತ ಅಂದಾಜೂ ಸಿಗುತ್ತದೆ.

ಒಂದು ಕೋಶ 20 ನಿಮಿಷ ನಿಲ್ಲುವುದಿಲ್ಲ ಅನ್ನುವವರಿಗೆ: ಆ ಪ್ರಮಾಣ ಬಿಡಿ, ಮುಂದಿನ ಎರಡು ಹಂತದ ವೇಗದ ಲೆಕ್ಕ ಬಳಸಿ. ವಿಎಂ24 ಅನ್ನುವ ಚೇಳಿನ ಟಾಕ್ಸಿನ್‌ನಂಥವಕ್ಕೆ ಕೆಡಿ ಕೆಲವೇ ಪಿಕೊಮೋಲಾರ್, ಅಲ್ಲಿ ನೆಲೆಗೊಳ್ಳುವ ತನಕ ಕಾಯುವುದು ಆಗದ ಮಾತು.

## ಹಂತ 8: ತೊಳೆದು ನೋಡಿ

ಟಾಕ್ಸಿನ್ ನಿಲ್ಲಿಸಿ ಕಂಟ್ರೋಲ್ ದ್ರವ ಹರಿಸಿ. ಕ್ಯಾರಿಬ್ಡೊಟಾಕ್ಸಿನ್ ಬೇಗ ಬಿಡುತ್ತದೆ, ಮಾರ್ಗಟಾಕ್ಸಿನ್ ತುಂಬ ನಿಧಾನ. ಪೂರ್ತಿ ವಾಪಸ್ ಬರದಿದ್ದರೂ ಪರವಾಗಿಲ್ಲ, ಏರುವ ದಿಕ್ಕು ಕಾಣಬೇಕು. ಸ್ವಲ್ಪವೂ ಏರದೆ ಲೀಕ್ ಜಾಸ್ತಿಯಾಗುತ್ತಿದ್ದರೆ ಕೋಶ ಸಾಯುತ್ತಿದೆ, ಆ ಡೇಟಾ ಸೇರಿಸಬೇಡಿ.

ತಡೆಯ ಮೊದಲಿನ ಮತ್ತು ನಂತರದ ಗೆರೆಗಳನ್ನು ಒಂದೇ ಎತ್ತರಕ್ಕೆ ಹಿಗ್ಗಿಸಿ ಒಂದರ ಮೇಲೊಂದು ಇಟ್ಟು ನೋಡಿ. ಬಿರಡೆಯಂತೆ ಮುಚ್ಚುವ ಟಾಕ್ಸಿನ್ ಆದರೆ ಎರಡೂ ಕೂಡಿಕೊಳ್ಳಬೇಕು. ಏರುವ ವೇಗ ಬದಲಾಗಿದ್ದರೆ ಟಾಕ್ಸಿನ್ ಬೇರೆ ರೀತಿ ಕೆಲಸ ಮಾಡುತ್ತಿರಬಹುದು, ಇಲ್ಲವೇ ವೋಲ್ಟೇಜ್ ಹಿಡಿತ ಸಡಿಲಾಗಿದೆ.

## ಹಂತ 9: ಲೆಕ್ಕ

ಲೀಕ್ ಕಳೆದ ಮೇಲೆ, ಉಳಿದ ಪಾಲು = ಟಾಕ್ಸಿನ್ ಇದ್ದಾಗಿನ ಕರೆಂಟ್ ÷ ಮೊದಲಿನ ಕರೆಂಟ್.

ಕೆಡಿ = ಟಾಕ್ಸಿನ್ ಪ್ರಮಾಣ × ಉಳಿದ ಪಾಲು ÷ (1 − ಉಳಿದ ಪಾಲು).

ಉಳಿದ ಪಾಲು 0.2ರಿಂದ 0.8ರ ಒಳಗಿದ್ದಾಗ ಮಾತ್ರ ಈ ಲೆಕ್ಕವನ್ನು ನಂಬಿ. 0.02 ಉಳಿದಿರುವಾಗ ಲೀಕ್‌ನ ಸಣ್ಣ ತಪ್ಪೂ ಕೆಡಿಯನ್ನು ಎಲ್ಲಿಗೋ ಒಯ್ಯುತ್ತದೆ.

ವೇಗದ ದಾರಿ: ತೊಳೆಯುವಾಗಿನ ಗೆರೆಯಿಂದ ಬಿಡುವ ವೇಗ = 1 ÷ ಬಿಡುವ ಟೌ. ತಡೆಯುವಾಗಿನ ಗೆರೆಯಿಂದ, ಸೇರುವ ವೇಗ = (1 ÷ ತಡೆಯ ಟೌ − ಬಿಡುವ ವೇಗ) ÷ ಟಾಕ್ಸಿನ್ ಪ್ರಮಾಣ. ಬಿಡುವ ವೇಗವನ್ನು ಸೇರುವ ವೇಗದಿಂದ ಭಾಗಿಸಿದರೆ ಕೆಡಿ. ಎರಡು ದಾರಿಯ ಉತ್ತರ ಹತ್ತಿರ ಇದ್ದರೆ ನೆಮ್ಮದಿ. ವೇಗದ ದಾರಿಯದ್ದು ತುಂಬ ಕಡಿಮೆ, ಉಳಿದ ಪಾಲಿನದ್ದು ತುಂಬ ಜಾಸ್ತಿ ಬಂದರೆ ನೀವು ಕಾಯದೆ ನಿಲ್ಲಿಸಿದ್ದೀರಿ. ಎರಡೂ ಪ್ರಕಟಿತ ಅಂಕಿಗಿಂತ ಒಂದೇ ಪಟ್ಟು ಜಾಸ್ತಿ ಬಂದರೆ ಪ್ರಮಾಣವೇ ತಪ್ಪು, ಅಂದರೆ ಹಂತ 2 ಮತ್ತು 3ಕ್ಕೆ ವಾಪಸ್.

## ಹಂತ 10: ಬೇರೆ ಚಾನೆಲ್‌ಗಳ ಮೇಲೂ ನೋಡಿ

ಕೆವಿ1.3 ಮೇಲೆ ಮಾತ್ರ ನೋಡಿ "ಇದು ಕೆವಿ1.3 ಟಾಕ್ಸಿನ್" ಅಂತ ಬರೆಯಬೇಡಿ. ಮಾರ್ಗಟಾಕ್ಸಿನ್‌ಗೇ ಬಹಳ ವರ್ಷ ಹಾಗೆ ಹೆಸರಿತ್ತು. 2014ರಲ್ಲಿ ಸರಿಯಾಗಿ ಅಳೆದಾಗ ಅದು ನರಕೋಶಗಳಲ್ಲಿರುವ ಕೆವಿ1.2 ಅನ್ನೂ ಪಿಕೊಮೋಲಾರ್‌ನಲ್ಲೇ ತಡೆಯುತ್ತದೆ ಅಂತ ಕಂಡಿತು. ಕ್ಯಾರಿಬ್ಡೊಟಾಕ್ಸಿನ್ ಕೆವಿ1.3, ಕೆಸಿಎ3.1, ಬಿಕೆ (ಕ್ಯಾಲ್ಸಿಯಂಗೆ ತೆರೆಯುವ ಇನ್ನೊಂದು ಪೊಟ್ಯಾಸಿಯಂ ಚಾನೆಲ್) ಮೂರನ್ನೂ ತಡೆಯುತ್ತದೆ, ಹಾಗಾಗಿ ಟಿ ಕೋಶದಲ್ಲಿ ಅದರ ಪರಿಣಾಮ ಕಂಡರೆ ಯಾವ ಚಾನೆಲ್‌ನಿಂದ ಅಂತ ಹೇಳಲಾಗುವುದಿಲ್ಲ.

ಕನಿಷ್ಠ ಕೆವಿ1.1, ಕೆವಿ1.2, ಕೆಸಿಎ3.1 ನೋಡಲೇಬೇಕು. ಕೆಸಿಎ3.1ಗೆ ಪಿಪೆಟ್ ದ್ರವ ಬದಲಿಸಿ: ಫ್ಲೋರೈಡ್ ಬೇಡ, ಬಿಡಿ ಕ್ಯಾಲ್ಸಿಯಂ 1 ಮೈಕ್ರೋಮೋಲಾರ್ ಇರಲಿ. -120ರಿಂದ +50ರ ತನಕ ವೋಲ್ಟೇಜ್ ಏರಿಸುತ್ತಾ ಹೋಗಿ. ಕೆವಿ1.3 ಇನ್ನೂ ತೆರೆಯದ ಋಣ ವೋಲ್ಟೇಜ್‌ನ ಭಾಗದಲ್ಲಿ ಕಾಣುವ ಇಳಿಜಾರು ಕೆಸಿಎ3.1ದು. ಕೆಲಸ ಮಾಡಬಾರದ ಟಾಕ್ಸಿನ್ ಒಂದು ಜೊತೆಗಿರಲಿ ಅಂದರೆ ಐಬೆರಿಯೊಟಾಕ್ಸಿನ್ ಒಳ್ಳೆಯದು. ಅದೂ ಚೇಳಿನದೇ, ಅಷ್ಟೇ ಗಾತ್ರ, ಬಿಕೆ ತಡೆಯುತ್ತದೆ, ಕೆವಿ1.3 ಮುಟ್ಟುವುದಿಲ್ಲ.

## ಹಂತ 11: ಕೊನೆಗೆ ಕೋಶದ ಕೆಲಸ ನೋಡಿ

ಕೆಡಿ 100 ಪಿಕೊಮೋಲಾರ್ ಅಂತ ಬಂದ ಮೇಲೆ 100 ಪಿಕೊಮೋಲಾರ್ ಹಾಕಿ ಟಿ ಕೋಶ ಬೆಳೆಯುವುದು ನಿಂತಿಲ್ಲ ಅಂತ ಬೇಸರಪಡುವವರನ್ನು ನೋಡಿದ್ದೇನೆ. ಅರ್ಧ ಚಾನೆಲ್ ತೆರೆದೇ ಇದೆಯಲ್ಲ! ಈ ಸಣ್ಣ ಕೋಶದಲ್ಲಿ ಕೆಲವೇ ಚಾನೆಲ್ ತೆರೆದಿದ್ದರೂ ಪೊರೆಯ ವೋಲ್ಟೇಜ್ ಹಿಡಿದುಕೊಳ್ಳಲು ಸಾಕಾಗಬಹುದು. ಕೆಡಿಯ ನೂರು ಪಟ್ಟು ಹಾಕಿ, ಆಗ 99 ಶೇಕಡಾ ಮುಚ್ಚಿರುತ್ತದೆ.

ಎರಡನೆಯದು, ಸರಿಯಾದ ಕೋಶ. ಎಫೆಕ್ಟರ್ ಮೆಮರಿ ಟಿ ಕೋಶಗಳು (ಹಿಂದೆ ಶತ್ರುವನ್ನು ಕಂಡು ನೆನಪಿಟ್ಟವು) ಪ್ರಚೋದನೆಯ ನಂತರ ಕೆವಿ1.3 ಜಾಸ್ತಿ ಮಾಡಿಕೊಳ್ಳುತ್ತವೆ, ಅದನ್ನೇ ನಂಬಿಕೊಂಡಿರುತ್ತವೆ. ನೈವ್ (ಇನ್ನೂ ಶತ್ರುವನ್ನು ಕಾಣದ) ಕೋಶಗಳು ಪ್ರಚೋದನೆಯ ನಂತರ ಕೆಸಿಎ3.1 ಕಡೆ ಹೊರಳುತ್ತವೆ, ಕೆವಿ1.3 ಮುಚ್ಚಿದರೂ ದಾರಿ ಕಂಡುಕೊಳ್ಳುತ್ತವೆ. ರಕ್ತದ ಎಲ್ಲ ಟಿ ಕೋಶ ಬೆರೆಸಿ ನೋಡಿದರೆ ಪರಿಣಾಮ ಅರೆಬರೆ ಕಾಣುವುದು ಇದಕ್ಕೇ.

ಮೂರನೆಯದು, ಪ್ರಚೋದನೆಯ ಬಲ. ತುಂಬ ಜೋರಾಗಿ ಪ್ರಚೋದಿಸಿದರೆ ತಡೆಯ ಪರಿಣಾಮ ಮುಚ್ಚಿಹೋಗುತ್ತದೆ. ಸಿಡಿ3 ಆ್ಯಂಟಿಬಾಡಿಯನ್ನು ಹಲವು ಪ್ರಮಾಣದಲ್ಲಿ ಮೊದಲು ಪರೀಕ್ಷಿಸಿ, ಪೂರ್ತಿ ಪ್ರತಿಕ್ರಿಯೆಗಿಂತ ಸಾಕಷ್ಟು ಕೆಳಗಿನದನ್ನು ಆರಿಸಿ. ಟಾಕ್ಸಿನ್ ಅನ್ನು ಪ್ರಚೋದನೆಗೆ ಮೊದಲೇ ಹಾಕಿ, ಹಂತ 7ರಲ್ಲಿ ಲೆಕ್ಕ ಹಾಕಿದಷ್ಟು ಹೊತ್ತು ಬಿಡಿ.

ಬೆಳವಣಿಗೆ ತಗ್ಗಿದರೆ ಸತ್ತ ಕೋಶಗಳನ್ನು ಬಣ್ಣ ಹಾಕಿ ಎಣಿಸಿ. ಆಮೇಲೆ ಟಾಕ್ಸಿನ್ ಅನ್ನು ಎರಡು ಮೂರು ಸಲ ತೊಳೆದು, ಒಂದೆರಡು ಗಂಟೆ ಬಿಟ್ಟು, ಅದೇ ಕೋಶಗಳನ್ನು ಮತ್ತೆ ಪ್ರಚೋದಿಸಿ. ಚಾನೆಲ್ ಮುಚ್ಚಿದ್ದರಿಂದ ಸುಮ್ಮನಾಗಿದ್ದ ಕೋಶ ಈಗ ಪ್ರತಿಕ್ರಿಯೆ ಕೊಡಬೇಕು. ಕೊಡದಿದ್ದರೆ ಟಾಕ್ಸಿನ್ ಇನ್ನೂ ಕೂತಿದೆಯಾ ಅಂತ ಆ ಕೋಶಗಳಲ್ಲೇ ಒಂದೆರಡನ್ನು ಪ್ಯಾಚ್ ಮಾಡಿ ನೋಡಿ.